ಇರಬಾರದ ಬೆಳಕು

ಪೀಣ್ಯದ ಎರಡನೆಯ ಹಂತದಲ್ಲಿ ಅರ್ಧ ಆಯುಷ್ಯವನ್ನು ಟೂಲ್‌ರೂಮಿನಲ್ಲಿಯೇ ಕಳೆದು, ಈಗ ಅದನ್ನು ಮಗನ ವಶಕ್ಕೆ ಒಪ್ಪಿಸಿದ್ದರೂ ದಿನಕ್ಕೊಮ್ಮೆಯಾದರೂ ಶೆಡ್ಡಿನೊಳಕ್ಕೆ ಹೋಗಿಬರದಿದ್ದರೆ ಊಟ ರುಚಿಸದ ಹಿರಿಯರೊಬ್ಬರಿಗೂ, ವೈಟ್‌ಫೀಲ್ಡಿನಲ್ಲಿ ಮನೆಮಾಡಿಕೊಂಡು ನಗರದ ಪ್ರಯೋಗಶಾಲೆಯೊಂದರಲ್ಲಿ ಲೇಸರ್ ಕಿರಣಗಳಿಂದ ಹರಳುಗಳ ಅಂತರಂಗವನ್ನು ಶೋಧಿಸುತ್ತಿರುವ ಅವರ ತಮ್ಮನ ಮಗಳಿಗೂ, ಒಂದು ಭಾನುವಾರ, ಯಂತ್ರಗಳೆಲ್ಲ ನಿಂತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತಾದ ಹೊತ್ತಿನಲ್ಲಿ ನಡೆದ ಸಂಭಾಷಣೆಯಿದು. ಆಡುಮಾತಿನ ಸಡಿಲವನ್ನು ಅಲ್ಲಲ್ಲಿ ಬಿಗಿಮಾಡಿ ಬರೆದಿದೆ.

ದೊಡ್ಡಪ್ಪ: ನಿಮ್ಮಪ್ಪ ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದ, ನೀನು ಕಣ್ಣಿಗೆ ಕಾಣದ ಬೆಳಕನ್ನು ಹರಳಿಗೆ ತಾಗಿಸಿ ಅದರಿಂದ ನೇರಳೆ ಬೆಳಕನ್ನು ಹೊರಡಿಸುತ್ತೀಯೆಂದು. ಬೆಳಕು ಗಾಜನ್ನು ಹಾದು ಬಾಗುವುದನ್ನು ಕಂಡಿದ್ದೇನೆ, ಮಂಕಾಗುವುದನ್ನೂ ಕಂಡಿದ್ದೇನೆ. ಆದರೆ ಒಳಹೊಕ್ಕ ಬಣ್ಣವೊಂದು, ಹೊರಬಂದ ಬಣ್ಣ ಇನ್ನೊಂದು ಎಂದರೆ ನಂಬುವುದು ಹೇಗಮ್ಮಾ?

ಮಗಳು: ನಿಮ್ಮ ರಸ್ತೆಯಲ್ಲಿಯೇ ಅದು ನಿತ್ಯವೂ ನಡೆಯುತ್ತಿದೆ, ದೊಡ್ಡಪ್ಪ. ಪ್ಲಾಸ್ಟಿಕ್ ಭಾಗಗಳ ಮೇಲೆ ನಂಬರು ಬರೆಯುವ ಯುವಿ ಮಾರ್ಕಿಂಗ್ ಮೆಷಿನ್ ನೋಡಿದ್ದೀರಲ್ಲ, ಅದರ ಒಡಲಲ್ಲಿ ಮೊದಲು ಹುಟ್ಟುವ ಬೆಳಕು 1064 ನ್ಯಾನೋಮೀಟರಿನ ಅವಕೆಂಪು. ಅದು ಒಂದು ಹರಳನ್ನು ಹಾಯುವಾಗ ಅದರ ಒಂದಂಶ 532ರ ಹಸಿರಾಗುತ್ತದೆ. ಎರಡನೆಯ ಹರಳಿನಲ್ಲಿ ಆ ಹಸಿರೂ ಉಳಿದ ಅವಕೆಂಪೂ ಕೂಡಿ 355ರ ನೇರಳಾತೀತವಾಗಿ ಹೊರಬೀಳುತ್ತವೆ. ಅವಕೆಂಪಿನಲ್ಲಿ ಗುರುತು ಹಿಡಿಯದ ಎಷ್ಟೋ ಬಗೆಯ ಪ್ಲಾಸ್ಟಿಕ್ಕು ಈ ಕೊನೆಯ ಬೆಳಕಿಗೆ ಗುರುತು ಹಿಡಿಯುತ್ತದೆ.

ದೊಡ್ಡಪ್ಪ: ಆ ಮೆಷಿನ್ ಮಾರಲು ಬಂದವನು ಇದನ್ನೆಲ್ಲ ಹೇಳಲಿಲ್ಲ, ವಾರಂಟಿಯ ವಿಷಯ ಮಾತ್ರ ಹೇಳಿದ. ಇರಲಿ, ಹರಳು ಹೀಗೆ ಮಾಡಬಲ್ಲುದೆಂದು ಮೊದಲು ಕಂಡವರು ಯಾರು?

ಮಗಳು: ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಅವರ ಸಂಗಡಿಗರು, 1961ರಲ್ಲಿ. ಲೇಸರ್ ಎಂಬ ಸಾಧನ ಹುಟ್ಟಿ ಆಗ ವರ್ಷವೊಂದು ಕಳೆದಿತ್ತಷ್ಟೆ. ಅವರು ಮಾಣಿಕ್ಯದ ಲೇಸರಿನ 694 ನ್ಯಾನೋಮೀಟರಿನ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನೊಳಗೆ ಕೇಂದ್ರೀಕರಿಸಿ, ಹೊರಬಂದುದನ್ನು ಬಣ್ಣಗಳಾಗಿ ಬಿಡಿಸಿ ಫೋಟೋ ಫಲಕದ ಮೇಲೆ ಬೀಳಿಸಿದಾಗ, ಅದರ ಸರಿಯರ್ಧ ತರಂಗದೂರದ, ಎಂದರೆ 347ರ ಸ್ಥಾನದಲ್ಲಿ, ಒಂದು ಸಣ್ಣ ಚುಕ್ಕೆ ಮೂಡಿತು. ಹತ್ತು ಕೋಟಿ ಕೆಂಪು ಫೋಟಾನುಗಳಿಗೆ ನೇರಳಾತೀತ ಫೋಟಾನು ಒಂದರಂತೆ ಹುಟ್ಟಿದ ಆ ಚುಕ್ಕೆ ಎಷ್ಟು ಕ್ಷೀಣವಾಗಿತ್ತೆಂದರೆ, ಲೇಖನವನ್ನು ಅಚ್ಚಿಗೆ ಅಣಿಮಾಡಿದವರು ಅದನ್ನು ಧೂಳಿನ ಕಲೆಯೆಂದು ತಿಳಿದು ಅಳಿಸಿಬಿಟ್ಟರು. ಪ್ರಕಟವಾದ ಚಿತ್ರದಲ್ಲಿ ಚುಕ್ಕೆಯನ್ನು ತೋರಿಸುವ ಬಾಣವುಂಟು. ಚುಕ್ಕೆ ಮಾತ್ರ ಇಲ್ಲ.

ದೊಡ್ಡಪ್ಪ: ಫೈನಲ್ ಇನ್ಸ್‌ಪೆಕ್ಷನ್ನಿನವರು ಎಲ್ಲ ದೇಶದಲ್ಲಿಯೂ ಒಂದೇ ನೋಡು. ಆದರೆ ಕ್ವಾರ್ಟ್ಸೇ ಏಕೆ? ಗಾಜೂ ಕ್ವಾರ್ಟ್ಸೂ ಎರಡೂ ಮರಳಿನ ಮಕ್ಕಳೇ ಅಲ್ಲವೆ?

ಮಗಳು: ಆ ಪ್ರಶ್ನೆಯಲ್ಲಿಯೇ ನಮ್ಮ ಶಾಸ್ತ್ರವೆಲ್ಲ ಅಡಗಿದೆ. ಆ ಲೇತಿನ ಹತ್ತಿರ ಬನ್ನಿ. ಇದು ತ್ರೀ ಜಾ ಚಕ್ಕು. ಅಲ್ಲಿ ಬೆಂಚಿನ ಮೇಲಿರುವುದು ಫೋರ್ ಜಾ ಚಕ್ಕು. ನಾಲ್ಕು ಜಾಗಳದ್ದರಲ್ಲಿ ಯಾವುದೊಂದು ಜಾದಿಂದ ಹೊರಟು ನೇರವಾಗಿ ಕೇಂದ್ರವನ್ನು ಹಾದು ಆಚೆ ಬದಿಗೆ ಹೋದರೂ ಅಲ್ಲಿ ಇನ್ನೊಂದು ಜಾ ಎದುರಾಗುತ್ತದೆ. ಮೂರು ಜಾಗಳದ್ದರಲ್ಲಿ ಹಾಗೆ ಹೊರಟರೆ ಎದುರಿಗೆ ಸಿಕ್ಕುವುದು ಎರಡು ಜಾಗಳ ನಡುವಣ ತೆರಪು. ಪರಮಾಣುಗಳ ಜೋಡಣೆಯಲ್ಲಿಯೂ ಈ ಎರಡು ಜಾತಿಗಳುಂಟು: ಪ್ರತಿಯೊಂದು ಪರಮಾಣುವಿಗೂ ಕೇಂದ್ರದಾಚೆ ಪ್ರತಿರೂಪವಿರುವ ಹರಳುಗಳು, ಹಾಗಿಲ್ಲದ ಹರಳುಗಳು. ಮೊದಲನೆಯವಕ್ಕೆ ವಿಲೋಮ ಸಮಮಿತಿ ಇದೆಯೆನ್ನುತ್ತೇವೆ. ಕ್ವಾರ್ಟ್ಸಿಗೆ ಅದಿಲ್ಲ. ಗಾಜಿನಲ್ಲಿ ಪರಮಾಣುಗಳು ಅಡ್ಡಾದಿಡ್ಡಿಯಾಗಿದ್ದು ಸರಾಸರಿಯಲ್ಲಿ ಎಲ್ಲ ದಿಕ್ಕೂ ಸಮವಾಗುವುದರಿಂದ, ಅದು ಇದ್ದಂತೆಯೇ ಲೆಕ್ಕ.

ದೊಡ್ಡಪ್ಪ: ಚಕ್ಕಿನ ಮಾತು ತಿಳಿಯಿತು. ಬಣ್ಣಕ್ಕೂ ಅದಕ್ಕೂ ಏನು ಸಂಬಂಧ?

ಮಗಳು: ಬೆಳಕೆಂಬುದು ವಿದ್ಯುತ್ ಕ್ಷೇತ್ರದ ಅಲೆಯಾದುದರಿಂದ, ಅದು ಹರಳಿನೊಳಗಿನ ಇಲೆಕ್ಟ್ರಾನನ್ನು ಒಮ್ಮೆ ಈ ಕಡೆಗೂ ಮರುಕ್ಷಣ ಆ ಕಡೆಗೂ ತಳ್ಳುತ್ತಿರುತ್ತದೆ. ಎರಡು ಕಡೆಗೂ ಇಲೆಕ್ಟ್ರಾನು ಸಮನಾಗಿ ಓಲಾಡಿದರೆ ಹೊರಬರುವ ಬೆಳಕಿನಲ್ಲಿ ಇಮ್ಮಡಿ ಆವೃತ್ತಿಯ ಅಂಶವಿರದು. ಒಂದು ಕಡೆಗೆ ಸುಲಭವಾಗಿಯೂ ಇನ್ನೊಂದು ಕಡೆಗೆ ಪ್ರಯಾಸದಿಂದಲೂ ಸರಿಯುವಂತಿದ್ದರೆ ಆ ಓಲಾಟ ಓರೆಯಾಗಿ, ಓರೆಯಾದುದರಿಂದಲೇ ಇಮ್ಮಡಿ ಆವೃತ್ತಿ ಹುಟ್ಟುತ್ತದೆ. ಆವೃತ್ತಿ ಇಮ್ಮಡಿಯೆಂದರೆ ತರಂಗದೂರ ಅರ್ಧ. ಇದನ್ನೇ ಇಮ್ಮಡಿ ಬೆಳಕೆನ್ನೋಣ. ಈ ಓರೆತನದ ಪ್ರಮಾಣ ಕ್ಷೇತ್ರದ ವರ್ಗವನ್ನು ಅನುಸರಿಸುವುದರಿಂದ, ಸೂರ್ಯನ ಬೆಳಕಿನಂತಹ ಸೌಮ್ಯವಾದ ಬೆಳಕಿಗೆ ಅದು ತೋರದು. ಲೇಸರಿನ ತೀವ್ರತೆ ಬೇಕು.

ದೊಡ್ಡಪ್ಪ: ಹಾಗಾದರೆ ವಿಲೋಮ ಸಮಮಿತಿಯಿರುವ ಹರಳಿನಲ್ಲಿ ಅದು ಕಡಿಮೆಯಾಗಿರುತ್ತದೆ.

ಮಗಳು: ಕಡಿಮೆಯಲ್ಲ, ಸೊನ್ನೆ. ಗಣಿತದ ಮಾತಾಗಿಯೇ ಸೊನ್ನೆ. ಅಂತಹ ಹರಳನ್ನು ಕೇಂದ್ರದ ಮೂಲಕ ತಿರುವಿಹಾಕಿದೆವೆನ್ನಿ. ಕ್ಷೇತ್ರದ ಚಿಹ್ನೆ ಬದಲಾಗುತ್ತದೆ, ಆದರೆ ಅದರ ವರ್ಗ ಬದಲಾಗುವುದಿಲ್ಲ. ಹರಳಿನಲ್ಲಿ ಉಂಟಾದ ವಿದ್ಯುತ್ ಧ್ರುವೀಕರಣದ ಚಿಹ್ನೆಯಾದರೋ ಬದಲಾಗಲೇಬೇಕು. ಹರಳು ಮಾತ್ರ ತಿರುವುವ ಮುನ್ನ ಹೇಗಿತ್ತೋ ಹಾಗೆಯೇ ಇದೆ. ಎಂದ ಮೇಲೆ ಅದರ ಗುಣಾಂಕವು ತನ್ನ ಋಣ ರೂಪಕ್ಕೆ ತಾನೇ ಸಮನಾಗಿರಬೇಕು. ಸೊನ್ನೆಯೊಂದನ್ನುಳಿದು ಬೇರೆ ಯಾವ ಸಂಖ್ಯೆಗೆ ಆ ಯೋಗ್ಯತೆಯುಂಟು? ಬೇರೆ ಅಳತೆಗಳಲ್ಲಿ ನಾವು ದೊಡ್ಡದಾದ ಹಿನ್ನೆಲೆಯ ಮೇಲೆ ಸಣ್ಣ ವ್ಯತ್ಯಾಸವೊಂದನ್ನು ಹುಡುಕುತ್ತ ಕಣ್ಣು ನೋಯಿಸಿಕೊಳ್ಳುತ್ತೇವೆ. ಇಲ್ಲಿ ಹಿನ್ನೆಲೆಯೇ ಕತ್ತಲೆ. ಇರಬಾರದ ಕಡೆ ಬೆಳಕು ಕಂಡಿತೆಂದರೆ, ಆ ಹರಳಿನೊಳಗೆ ಯಾವುದೋ ಸಮಮಿತಿ ಮುರಿದಿದೆಯೆಂದು ಅರ್ಥ.

ದೊಡ್ಡಪ್ಪ: ಮುರಿಯುವುದೇಕೆ? ಹರಳನ್ನು ಬೆಳೆಸಿದ ಮೇಲೆ ಅದರ ಆಕಾರ ಶಾಶ್ವತವಲ್ಲವೆ?

ಮಗಳು: ಪರಮಾಣುಗಳ ನೆಲೆ ಬಹುಮಟ್ಟಿಗೆ ಶಾಶ್ವತ. ಆದರೆ ನಮ್ಮ ಲ್ಯಾಬಿನಲ್ಲಿ ಕ್ವಾಂಟಂ ವಸ್ತುಗಳೆಂದು ಕರೆಯುವ ಪದಾರ್ಥಗಳಲ್ಲಿ ಇಲೆಕ್ಟ್ರಾನುಗಳು ಒಂದನ್ನೊಂದು ಲೆಕ್ಕಕ್ಕೆ ತೆಗೆದುಕೊಂಡೇ ನಡೆಯುತ್ತವಾದ್ದರಿಂದ, ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ಅವೆಲ್ಲ ಒಟ್ಟಾಗಿ ಯಾವುದೋ ಒಂದು ವಿನ್ಯಾಸಕ್ಕೆ ಬದ್ಧವಾಗಿಬಿಡುತ್ತವೆ. ಅವುಗಳ ಕಾಂತೀಯ ಸ್ಪಿನ್ನುಗಳು ಸಾಲುಗಟ್ಟಬಹುದು. ಆವೇಶ ಒಂದು ದಿಕ್ಕಿಗೆ ಒಲಿಯಬಹುದು. ಅಥವಾ ಇನ್ನೂ ಗಹನವಾದ, ಎಕ್ಸ್-ಕಿರಣಕ್ಕೂ ನ್ಯೂಟ್ರಾನಿಗೂ ಸುಲಭವಾಗಿ ಸಿಕ್ಕದ ವ್ಯವಸ್ಥೆಯೊಂದು ಏರ್ಪಡಬಹುದು. ಹರಳಿನ ಕಟ್ಟಡ ಹಾಗೆಯೇ ನಿಂತಿದ್ದು, ಅದರೊಳಗಿನ ಇಲೆಕ್ಟ್ರಾನುಗಳು ಮಾತ್ರ ಸಮಮಿತಿಯನ್ನು ಮುರಿದಿರುತ್ತವೆ.

ದೊಡ್ಡಪ್ಪ: ಕಣ್ಣಿಗೆ ಕಾಣುವ ಒಂದು ಉದಾಹರಣೆ ಕೊಡು.

ಮಗಳು: ಕೊಡುತ್ತೇನೆ. ಬಫಿಂಗ್ ಮೆಷಿನ್ನಿನ ಪಕ್ಕದಲ್ಲಿರುವ ಆ ಹಸಿರು ಬಾರನ್ನು ಇತ್ತ ಕೊಡಿ.

ದೊಡ್ಡಪ್ಪ: ಇದೇ? ಇದು ಸ್ಟೇನ್‌ಲೆಸ್ ಸ್ಟೀಲಿಗೆ ಕೊನೆಯ ಪಾಲಿಷ್ ಕೊಡುವ ಕಾಂಪೌಂಡು. ಕೈ ಹಸಿರಾಗುತ್ತದೆ, ನೋಡಿಕೊಂಡು ಹಿಡಿ.

ಮಗಳು: ಮೇಣದಲ್ಲಿ ಕಲಸಿದ ಈ ಹಸಿರು ಪುಡಿ ಕ್ರೋಮಿಯಂ ಆಕ್ಸೈಡ್. ನಮ್ಮ ಶಾಸ್ತ್ರದ ಅತ್ಯಂತ ಸುಂದರವಾದ ಪ್ರಯೋಗವೊಂದು ನಡೆದದ್ದು ಈ ವಸ್ತುವಿನ ಮೇಲೆ. ಇದರಲ್ಲಿನ ಕ್ರೋಮಿಯಂ ಪರಮಾಣುಗಳು ಒಂದೊಂದೂ ಪುಟ್ಟ ಕಾಂತಗಳು. ಸುಮಾರು 34 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಆ ಕಾಂತಗಳ ಮುಖ ಎತ್ತೆತ್ತಲೋ ತಿರುಗಿರುತ್ತದೆ. ಅದಕ್ಕಿಂತ ಕೆಳಗೆ ಹರಳಿನ ಅಕ್ಷದುದ್ದಕ್ಕೂ ಒಂದು ಮೇಲ್ಮುಖ, ಮುಂದಿನದು ಕೆಳಮುಖ, ಹೀಗೆ ಪರ್ಯಾಯವಾಗಿ ನಿಲ್ಲುತ್ತವೆ. ಮೇಲ್ಮುಖವಾದಷ್ಟೇ ಕೆಳಮುಖವೂ ಇರುವುದರಿಂದ ಒಟ್ಟು ಕಾಂತತ್ವ ಸೊನ್ನೆ. ಆಂಟಿಫೆರೋಮ್ಯಾಗ್ನೆಟ್ ಎನ್ನುವುದು ಇದನ್ನೇ. ನಿಮ್ಮ ಮ್ಯಾಗ್ನೆಟಿಕ್ ಚಕ್ಕು ಇದನ್ನು ಹಿಡಿಯಲಾರದು, ದಿಕ್ಸೂಚಿ ಇದರ ಮುಂದೆ ಅಲ್ಲಾಡದು.

ದೊಡ್ಡಪ್ಪ: 34 ಡಿಗ್ರಿ ಎಂದೆಯಾ? ಏಪ್ರಿಲ್ ತಿಂಗಳಲ್ಲಿ ಈ ತಗಡಿನ ಛಾವಣಿಯ ಕೆಳಗೆ ಮಧ್ಯಾಹ್ನ ಅದು ದಾಟುತ್ತದಲ್ಲಮ್ಮಾ!

ಮಗಳು: ದಾಟುತ್ತದೆ. ಉಳಿದ ತಿಂಗಳುಗಳಲ್ಲಿ ಈ ಬಾರಿನ ಪುಡಿಯ ಪ್ರತಿಯೊಂದು ಕಣವೂ ಕಾಂತೀಯ ಶಿಸ್ತಿನಲ್ಲಿ ನಿಂತಿರುತ್ತದೆ. ಬೇಸಗೆಯ ಮಧ್ಯಾಹ್ನ ಆ ಶಿಸ್ತು ಚದುರಿ, ಸಂಜೆ ತಂಪಾದಂತೆ ಮತ್ತೆ ಕೂಡಿಕೊಳ್ಳುತ್ತದೆ. ಪಾಲಿಷ್ ಮಾಡುವ ಹುಡುಗನಿಗೆ ಅದರಿಂದ ಲಾಭನಷ್ಟವೇನೂ ಇಲ್ಲವೆನ್ನಿ. ಈಗ ಬೆಳಕಿನ ವಿಷಯ. ಬಿಸಿಯಿರುವಾಗ ಈ ಹರಳಿಗೆ ವಿಲೋಮ ಸಮಮಿತಿಯುಂಟು, ಆದುದರಿಂದ ಇಮ್ಮಡಿ ಬೆಳಕಿನ ಮುಖ್ಯ ದಾರಿ ಮುಚ್ಚಿದೆ. ಬೆಳಕಿನ ಕಾಂತೀಯ ಅಂಶದಿಂದ ಹುಟ್ಟುವ ತೀರ ಕ್ಷೀಣವಾದ ಸಂಕೇತವೊಂದು ಮಾತ್ರ ಉಳಿದಿರುತ್ತದೆ. ತಂಪಾಗಿ ಸ್ಪಿನ್ನುಗಳು ಸಾಲುಗಟ್ಟಿದಾಗ, ಪರಮಾಣುಗಳು ತಮ್ಮ ಸ್ಥಾನ ಬಿಟ್ಟು ಕದಲದಿದ್ದರೂ, ಸ್ಪಿನ್ನುಗಳ ವಿನ್ಯಾಸ ವಿಲೋಮ ಸಮಮಿತಿಯನ್ನು ಮುರಿಯುತ್ತದೆ. ಆಗ ಮುಚ್ಚಿದ್ದ ದಾರಿ ತೆರೆದು ಹೊಸ ಬೆಳಕು ಮೂಡುತ್ತದೆ. ಇದನ್ನು 1994ರಲ್ಲಿ ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ಮಾನ್‌ಫ್ರೆಡ್ ಫೀಬಿಗ್, ಫ್ರೋಲಿಶ್ ಮತ್ತು ಅವರ ರಷ್ಯನ್ ಸಹೋದ್ಯೋಗಿಗಳು ತೋರಿಸಿದರು.

ದೊಡ್ಡಪ್ಪ: ಬೆಳಕು ಬಂತು, ಸರಿ. ಅದು ಕಾಂತಗಳ ಬೆಳಕೇ ಎಂದು ಗೊತ್ತಾಗುವುದು ಹೇಗೆ?

ಮಗಳು: 34 ಡಿಗ್ರಿಯಲ್ಲಿ ಸರಿಯಾಗಿ ಮಾಯವಾಗುವುದೊಂದು ಸಾಕ್ಷಿ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ. ಮೇಲು-ಕೆಳಗು-ಮೇಲು-ಕೆಳಗು ಎಂಬ ಸಾಲಿಗೂ ಕೆಳಗು-ಮೇಲು-ಕೆಳಗು-ಮೇಲು ಎಂಬ ಸಾಲಿಗೂ ಶಕ್ತಿಯಲ್ಲಿ ಭೇದವಿಲ್ಲವಾದ್ದರಿಂದ, ಒಂದೇ ಹರಳಿನ ಕೆಲವು ಪ್ರದೇಶಗಳು ಮೊದಲ ಬಗೆಯವೂ ಕೆಲವು ಎರಡನೆಯ ಬಗೆಯವೂ ಆಗಿ ಹಂಚಿಹೋಗುತ್ತವೆ. ಎರಡರ ಹೊಸ ಬೆಳಕೂ ತೀವ್ರತೆಯಲ್ಲಿ ಸಮಾನ, ಚಿಹ್ನೆಯಲ್ಲಿ ವಿರುದ್ಧ. ಪತ್ತೆಯಂತ್ರವೋ ತೀವ್ರತೆಯನ್ನು ಮಾತ್ರ ಬಲ್ಲುದು, ಚಿಹ್ನೆಯನ್ನರಿಯದು. ಇಲ್ಲಿ ಆ ಹಳೆಯ ಕ್ಷೀಣ ಸಂಕೇತ ಉಪಯೋಗಕ್ಕೆ ಬಂತು. ವರ್ತುಲ ಧ್ರುವೀಕೃತ ಬೆಳಕನ್ನು ಬಳಸಿದಾಗ ಹೊಸ ಬೆಳಕು ಒಂದು ಪ್ರದೇಶದಲ್ಲಿ ಹಳೆಯದರೊಡನೆ ಕೂಡಿ ಉಜ್ಜ್ವಲವಾಯಿತು, ಇನ್ನೊಂದರಲ್ಲಿ ಕಳೆದು ಮಂಕಾಯಿತು. ಕಾಂತತ್ವದ ಮೊತ್ತ ಸೊನ್ನೆಯಾದ ವಸ್ತುವಿನೊಳಗೆ ಕಾಂತೀಯ ಪ್ರದೇಶಗಳ ಎಲ್ಲೆಗಳು, ನಕಾಶೆಯ ಮೇಲೆ ತಾಲ್ಲೂಕುಗಳು ಕಾಣುವಷ್ಟು ಸ್ಪಷ್ಟವಾಗಿ, ಛಾಯಾಚಿತ್ರದಲ್ಲಿ ಮೂಡಿದುವು. ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು ಆ ಚಿತ್ರ.

ದೊಡ್ಡಪ್ಪ: ಯಾವ ಹರಳಿನಲ್ಲಿ ಬೆಳಕು ಬರಬೇಕು, ಯಾವುದರಲ್ಲಿ ಬರಬಾರದು ಎಂದು ಮೊದಲೇ ತಿಳಿದಿದ್ದರೆ ತಾನೆ ಬಂದದ್ದು ಸುದ್ದಿಯಾಗುವುದು? ಆ ಪಟ್ಟಿ ಯಾರು ಮಾಡಿಟ್ಟಿದ್ದಾರೆ?

ಮಗಳು: ಇದು ನಮ್ಮ ಊರಿನ ಅಭಿಮಾನದ ವಿಷಯ. ಹರಳುಗಳ ಸಮಮಿತಿಯಲ್ಲಿ 32 ವರ್ಗಗಳುಂಟು. ಅವುಗಳಲ್ಲಿ 11ಕ್ಕೆ ವಿಲೋಮ ಸಮಮಿತಿಯಿದೆ. ಸ್ಪಿನ್ನುಗಳ ಸಾಲನ್ನೂ ಸೇರಿಸಿಕೊಂಡರೆ ವರ್ಗಗಳು 122 ಆಗುತ್ತವೆ. ಒಂದೊಂದು ವರ್ಗದಲ್ಲಿಯೂ ಒಂದು ಭೌತಗುಣವನ್ನು ವರ್ಣಿಸಲು ಎಷ್ಟು ಸ್ವತಂತ್ರ ಸಂಖ್ಯೆಗಳು ಬೇಕೆಂಬುದನ್ನು ಗ್ರೂಪ್ ಥಿಯರಿಯಿಂದ ಎಣಿಸುವ ವಿದ್ಯೆಯನ್ನು ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಸೂರಿ ಭಗವಂತಂ ಒಬ್ಬರು. ಹತ್ತೊಂಬತ್ತರ ಹರೆಯದಲ್ಲಿ, ರಾಮನ್ ಪರಿಣಾಮ ಬೆಳಕಿಗೆ ಬಂದ 1928ರಲ್ಲಿಯೇ, ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರನ್ನು ಸೇರಿಕೊಂಡವರು, ಮುಂದೆ ಆಂಧ್ರ ವಿಶ್ವವಿದ್ಯಾಲಯದಲ್ಲಿದ್ದು, ವೆಂಕಟರಾಯುಡು ಅವರೊಡನೆ ಈ ವಿಷಯವಾಗಿ ಗ್ರಂಥ ಬರೆದವರು, 1957ರಿಂದ 1962ರವರೆಗೆ ನೀವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮಿಷಿಗನ್ನಿನಲ್ಲಿ ಆ ಚುಕ್ಕೆ ಮೂಡಿದಾಗ ಇವರು ಇಲ್ಲಿ ಮಲ್ಲೇಶ್ವರದಾಚೆಯ ಆ ಕಲ್ಲುಕಟ್ಟಡದಲ್ಲಿದ್ದರು. ಹರಳಿನ ಸಮಮಿತಿಗೂ ಭೌತಗುಣಗಳಿಗೂ ಇರುವ ಸಂಬಂಧವನ್ನು ಕುರಿತ ಅವರ ಪುಸ್ತಕ 1966ರಲ್ಲಿ ಹೊರಬಂತು.

ದೊಡ್ಡಪ್ಪ: ಎಣಿಸುವುದೆಂದರೆ ಹೇಗೆ? ಒಂದು ಲೆಕ್ಕ ಮಾಡಿ ತೋರಿಸು.

ಮಗಳು: ಇಮ್ಮಡಿ ಬೆಳಕನ್ನು ವರ್ಣಿಸಲು ಹೆಚ್ಚೆಂದರೆ 18 ಸಂಖ್ಯೆಗಳು ಬೇಕು. ಒತ್ತಿದರೆ ವಿದ್ಯುತ್ತು ಹುಟ್ಟುವ ಗುಣಕ್ಕೂ, ಎಂದರೆ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವ ಗುಣಕ್ಕೂ, ಬೇಕಾಗುವುದು ಇದೇ ಮಾದರಿಯ ಪಟ್ಟಿ. ಹರಳನ್ನು ಯಾವ ಯಾವ ಬಗೆಯಲ್ಲಿ ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುವುದೋ ಆ ಒಂದೊಂದು ತಿರುವೂ ಈ 18ರ ಮೇಲೆ ಒಂದೊಂದು ಕಟ್ಟುಪಾಡನ್ನು ಹೇರುತ್ತದೆ. ಕ್ವಾರ್ಟ್ಸಿನ ಕಟ್ಟುಪಾಡುಗಳೆಲ್ಲ ಮುಗಿದ ಮೇಲೆ ಸ್ವತಂತ್ರವಾಗಿ ಉಳಿಯುವುದು ಎರಡೇ. ಗ್ಯಾಲಿಯಂ ಆರ್ಸೆನೈಡಿಗೆ ಒಂದೇ. ವಿಲೋಮ ಸಮಮಿತಿಯಿದ್ದಲ್ಲಿ ಒಂದೂ ಇಲ್ಲ. ಈ ಎಣಿಕೆ ಗೊತ್ತಿಲ್ಲದವನಿಗೆ ನಮ್ಮ ಕೋಣೆಯಲ್ಲಿ ಕಾಣುವುದು ಬರಿಯ ನೇರಳೆ ಬೆಳಕು. ಕೋಟಿಗಟ್ಟಲೆ ಬೆಲೆಯ ಲೇಸರ್ ತರಿಸಿಕೊಂಡು ಕಾಗದ-ಪೆನ್ಸಿಲಿನ ಈ ಲೆಕ್ಕವನ್ನು ಉದಾಸೀನ ಮಾಡುವವರನ್ನು ಕಂಡರೆ ನನಗೆ ಮರುಕವಾಗುತ್ತದೆ.

ದೊಡ್ಡಪ್ಪ: ಡ್ರಾಯಿಂಗ್ ಓದಲು ಬಾರದವನಿಗೆ ಸಿಎನ್‌ಸಿ ಕೊಡಿಸಿದವರನ್ನು ನಾನೂ ಕಂಡಿದ್ದೇನೆ. ಈಗ ನಿನ್ನ ಸೆಟ್ಟಿಂಗ್ ಹೇಗಿರುತ್ತದೆ ಹೇಳು. ಮೆಷಿನ್ನಿನ ವಿಷಯವಾದರೆ ನನಗೆ ನೇರವಾಗಿ ತಲೆಗೆ ಹೋಗುತ್ತದೆ.

ಮಗಳು: ಗಾಳಿಯ ಮೇಲೆ ತೇಲುವ ಉಕ್ಕಿನ ಮೇಜು. ಅದರ ಮೇಲೆ ಟೈಟೇನಿಯಂ-ಸಫೈರ್ ಲೇಸರ್. 800 ನ್ಯಾನೋಮೀಟರಿನ ಬೆಳಕು, ಒಂದೇ ಧಾರೆಯಾಗಿ ಅಲ್ಲ, ತುಣುಕು ತುಣುಕಾಗಿ. ಒಂದು ತುಣುಕಿನ ಕಾಲಾವಧಿ ಸುಮಾರು ನೂರು ಫೆಮ್ಟೋಸೆಕೆಂಡು. ಅಷ್ಟು ಹೊತ್ತಿನಲ್ಲಿ ಬೆಳಕು ಚಲಿಸುವ ದೂರ 30 ಮೈಕ್ರಾನು, ನಿಮ್ಮ ಮೈಕ್ರೋಮೀಟರಿನಲ್ಲಿ ಅಳೆಯಬಹುದಾದ ಉದ್ದ. ಶಕ್ತಿಯನ್ನೆಲ್ಲ ಅಷ್ಟರಲ್ಲಿ ಹಿಂಡಿಟ್ಟಿರುವುದರಿಂದ ಸರಾಸರಿ ಕಡಿಮೆಯಿದ್ದರೂ ಆ ಕ್ಷಣದ ತೀವ್ರತೆ ಅಗಾಧ. ಬೆಳಕು ಮೊದಲು ಧ್ರುವೀಕಾರಕವನ್ನು ಹಾಯುತ್ತದೆ, ಕ್ರಯೋಸ್ಟಾಟ್ ಎಂಬ ತಣಿಸುವ ಪೆಟ್ಟಿಗೆಯ ನಿರ್ವಾತದಲ್ಲಿರುವ ತಣ್ಣನೆಯ ಹರಳಿಗೆ ಓರೆಯಾಗಿ ಬಡಿದು ಪ್ರತಿಫಲಿಸುತ್ತದೆ, ಇನ್ನೊಂದು ಧ್ರುವೀಕಾರಕವನ್ನೂ 800ರ ಬೆಳಕನ್ನು ತಡೆದು 400ರದನ್ನು ಮಾತ್ರ ಬಿಡುವ ಫಿಲ್ಟರುಗಳನ್ನೂ ದಾಟಿ, ಫೋಟೋಮಲ್ಟಿಪ್ಲೈಯರ್ ನಳಿಕೆಯಲ್ಲಿ ಎಣಿಕೆಯಾಗುತ್ತದೆ. ಆಮೇಲೆ ಹರಳನ್ನು ಅಕ್ಷದ ಸುತ್ತ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, ಪ್ರತಿಯೊಂದು ಕೋನದಲ್ಲಿಯೂ ಬಂದ ಬೆಳಕನ್ನು ಗುರುತುಹಾಕಿದರೆ ದಳಗಳುಳ್ಳ ಹೂವಿನಾಕಾರದ ರೇಖಾಚಿತ್ರವೊಂದು ಬರುತ್ತದೆ. ದಳಗಳೆಷ್ಟು, ಅವು ಸಮವೋ ವಿಷಮವೋ, ಯಾವ ಕಡೆಗೆ ವಾಲಿವೆ, ಇದನ್ನು ಆ ಎಣಿಕೆಯ ಪಟ್ಟಿಯೊಡನೆ ಹೋಲಿಸುವುದೇ ನನ್ನ ಉದ್ಯೋಗ.

ದೊಡ್ಡಪ್ಪ: ತಿರುಗಿಸುವಾಗ ರನ್‌ಔಟ್ ಬಂದರೆ? ಕಿರಣ ಹರಳಿನ ಮೇಲೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ದಳಗಳು ವಿಷಮವಾಗುವುದು ಹರಳಿನಿಂದಲೋ ನಿನ್ನ ಸ್ಟೇಜಿನಿಂದಲೋ ಗೊತ್ತಾಗುವುದು ಹೇಗೆ?

ಮಗಳು: ನೀವು ನಮ್ಮ ಪ್ರಬಂಧಗಳ ಪರೀಕ್ಷಕರಾಗಬೇಕಿತ್ತು. ಆ ತೊಂದರೆಗಾಗಿಯೇ ಕ್ಯಾಲಿಫೋರ್ನಿಯಾದ ಡೇವಿಡ್ ಷೇ, ಟೊರ್ಚಿನ್ಸ್ಕಿ ಮೊದಲಾದವರು 2014ರಲ್ಲಿ ಹರಳನ್ನು ನಿಲ್ಲಿಸಿ ಬೆಳಕು ಬಂದು ಬೀಳುವ ಸಮತಲವನ್ನೇ ಸುತ್ತಿಸುವ ಉಪಕರಣವೊಂದನ್ನು ಕಟ್ಟಿದರು. ಹರಳು ತೀರ ಚಿಕ್ಕದಾಗಿ ಕ್ರಯೋಸ್ಟಾಟಿನೊಳಗೆ ಕೂತಿರುವಾಗ ಅದೊಂದು ದೊಡ್ಡ ಉಪಕಾರ.

ದೊಡ್ಡಪ್ಪ: ಪೀಣ್ಯದವರಿಗೆ ಅಲೈನ್‌ಮೆಂಟಿನ ಮಾತು ಹೊಸದಲ್ಲಮ್ಮ. 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದ ಹಾರಿದ ಆರ್ಯಭಟ ತಯಾರಾದದ್ದು ಇಲ್ಲಿನ ಶೆಡ್ಡುಗಳಲ್ಲಿ, ನಮ್ಮ ಉಡುಪಿ ಕಡೆಯ ಯು. ಆರ್. ರಾಯರ ಮೇಲ್ವಿಚಾರಣೆಯಲ್ಲಿ. ಈಗ ಅದೇ ಜಾಗದಲ್ಲಿ ಇಸ್ರೋದವರ ಇಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಶಾಲೆಯಿದೆ. ಉಪಗ್ರಹಗಳಿಗೆ ನಕ್ಷತ್ರ ನೋಡುವ ಕಣ್ಣುಗಳನ್ನು ಅಲ್ಲಿ ಮಾಡುತ್ತಾರೆ. ಹೊರಗಿನವರು ಪೀಣ್ಯವೆಂದರೆ ಬರಿಯ ಎಣ್ಣೆಮಸಿ ಎಂದುಕೊಳ್ಳುತ್ತಾರೆ. ಅದಿರಲಿ, ಚಕ್ಕಿನ ಹೋಲಿಕೆಗೆ ಸರಿಯಾಗಿ ಹೊಂದುವ ಹರಳು ಯಾವುದಾದರೂ ಇದೆಯೆ?

ಮಗಳು: ಇದೆ. ಮಾಲಿಬ್ಡಿನಂ ಡೈಸಲ್ಫೈಡ್.

ದೊಡ್ಡಪ್ಪ: ಗ್ರೀಸಿಗೆ ಬೆರೆಸುವ ಕರಿ ಪುಡಿ!

ಮಗಳು: ಅದೇ. ಅದರ ಹರಳು ಹಾಳೆಗಳ ಕಂತೆ. ಒಂದೇ ಹಾಳೆಯನ್ನು ಬಿಡಿಸಿ ಮೇಲಿನಿಂದ ನೋಡಿದರೆ ತ್ರೀ ಜಾ ಚಕ್ಕು. ವಿಲೋಮ ಸಮಮಿತಿಯಿಲ್ಲ, ಇಮ್ಮಡಿ ಬೆಳಕು ಧಾರಾಳ. ಅದರ ಮೇಲೆ ಸಹಜ ಹರಳಿನಲ್ಲಿರುವಂತೆ ಎರಡನೆಯ ಹಾಳೆ ಕೂತಾಗ ಅದು ಅರ್ಧ ಸುತ್ತು ತಿರುಗಿ ಕೂರುವುದರಿಂದ, ಕೆಳಗಿನದರ ತೆರಪಿನ ನೇರಕ್ಕೆ ಮೇಲಿನದರ ಜಾ ಬಂದು ವಿಲೋಮ ಸಮಮಿತಿ ಮರಳಿ ಕೂಡಿಕೊಳ್ಳುತ್ತದೆ, ಬೆಳಕು ಆರುತ್ತದೆ. ಮೂರನೆಯ ಹಾಳೆಗೆ ಮತ್ತೆ ಹೊತ್ತುತ್ತದೆ. ಬೆಸ ಹಾಳೆಗಳಿಗೆ ಬೆಳಕು, ಸಮ ಹಾಳೆಗಳಿಗೆ ಕತ್ತಲೆ ಎಂಬುದನ್ನು 2013ರಲ್ಲಿ ಹಲವು ಗುಂಪುಗಳು ಕಂಡುವು. ಒಂದು ಹಾಳೆಯ ರೇಖಾಚಿತ್ರದಲ್ಲಿ ದಳಗಳು ಮಾತ್ರ ಮೂರಲ್ಲ, ಆರು. ಮೊದಲೇ ಹೇಳಿದಂತೆ ಪತ್ತೆಯಂತ್ರ ಧನ-ಋಣಗಳನ್ನು ಬೇರ್ಪಡಿಸಲಾರದು. ಆ ದಳಗಳ ದಿಕ್ಕನ್ನು ನೋಡಿಯೇ ಹಾಳೆಯ ಅಕ್ಷಗಳು ಎತ್ತಲಾಗಿವೆಯೆಂದು ನಾವು ಹೇಳುತ್ತೇವೆ. ಇದಕ್ಕೆ ಸೋದರನಂತೆ ಕ್ರೋಮಿಯಂ ಅಯೊಡೈಡಿನ ಎರಡು ಹಾಳೆಗಳ ಪ್ರಯೋಗವೊಂದು 2019ರಲ್ಲಿ ಬಂತು. ಅಲ್ಲಿ ಪರಮಾಣುಗಳ ಜೋಡಣೆಗೆ ವಿಲೋಮ ಸಮಮಿತಿಯಿದ್ದು, 45 ಕೆಲ್ವಿನ್ನಿನ ಆಸುಪಾಸಿನಿಂದ ಕೆಳಗೆ ಎರಡು ಹಾಳೆಗಳ ಕಾಂತತ್ವ ಒಂದಕ್ಕೊಂದು ವಿರುದ್ಧವಾಗಿ ನಿಂತಾಗ ಮಾತ್ರ ಬೆಳಕು ಪ್ರಬಲವಾಗಿ ಹೊಮ್ಮಿತು. ಹೊರಗಿನ ಕಾಂತದಿಂದ ಎರಡನ್ನೂ ಒಂದೇ ಕಡೆಗೆ ತಿರುಗಿಸಿದೊಡನೆ ಆರಿಹೋಯಿತು.

ದೊಡ್ಡಪ್ಪ: ನೀನು ಹೇಳುವುದನ್ನು ಕೇಳಿದರೆ ಈ ಬೆಳಕು ಸುಳ್ಳನ್ನೇ ಹೇಳದೆಂದು ತೋರುತ್ತದೆ. ಅಳತೆಯ ಸಾಧನಗಳನ್ನು ನಾನು ಅಷ್ಟು ನಂಬಿದವನಲ್ಲ.

ಮಗಳು: ಬೆಳಕು ಸುಳ್ಳು ಹೇಳದು, ಅದು ಎಲ್ಲಿಂದ ಬಂತೆಂಬುದರಲ್ಲಿ ನಾವು ಎಡವುತ್ತೇವೆ. ಸ್ಟ್ರಾನ್ಷಿಯಂ ಇರಿಡೇಟ್ ಎಂಬ ಪದರಪದರವಾದ ಹರಳೊಂದಿದೆ. ಇರಿಡಿಯಂ ಭಾರವಾದ ಪರಮಾಣುವಾದುದರಿಂದ ಅದರಲ್ಲಿ ಇಲೆಕ್ಟ್ರಾನಿನ ಸ್ಪಿನ್ನೂ ಕಕ್ಷೆಯ ಚಲನೆಯೂ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ. 2016ರಲ್ಲಿ ಷೇ ಅವರ ಗುಂಪು ಈ ಹರಳಿನಲ್ಲಿ, ಗೊತ್ತಿದ್ದ ಕಾಂತೀಯ ವಿನ್ಯಾಸದಿಂದ ಬರಲಾಗದ ಇಮ್ಮಡಿ ಬೆಳಕನ್ನು ಕಂಡು, ಹರಳಿನೊಡಲಲ್ಲಿ ಗುಪ್ತವಾದ ಬೇರೊಂದು ವ್ಯವಸ್ಥೆಯಿದೆಯೆಂದು ಪ್ರಕಟಿಸಿತು. ಉಚ್ಚ ಉಷ್ಣತೆಯ ಅತಿವಾಹಕಗಳಿಗೆ ಈ ಹರಳು ಹತ್ತಿರದ ನೆಂಟನಂತಿರುವುದರಿಂದ ಆ ಸುದ್ದಿಗೆ ಬಹಳ ತೂಕ ಬಂತು. ನಾಲ್ಕು ವರ್ಷ ಕಳೆದು, 2020ರಲ್ಲಿ, ಅದೇ ಪ್ರಯೋಗಶಾಲೆಯಿಂದ ಮತ್ತೊಂದು ಲೇಖನ ಹೊರಬಂತು.

ದೊಡ್ಡಪ್ಪ: ಅದೇ ಪ್ರಯೋಗಶಾಲೆಯಿಂದ?

ಮಗಳು: ಅದೇ. ಹರಳಿನ ಮೇಲ್ಮೈಯಲ್ಲಿ ಪರಮಾಣು ಮಟ್ಟದ ಮೆಟ್ಟಿಲುಗಳಿರುತ್ತವೆ. ಒಂದು ಮೆಟ್ಟಿಲು ಇಳಿದರೆ ಮೇಲೆದ್ದು ಕಾಣುವ ಪದರ ಬೇರೆಯಾಗುತ್ತದೆ. ಅವರು ಒಂದೇ ಜಾಗದಲ್ಲಿ ಇಮ್ಮಡಿ ಬೆಳಕಿನ ಚಿತ್ರವನ್ನೂ ಮೇಲ್ಮೈಯ ಎತ್ತರ-ತಗ್ಗುಗಳ ಚಿತ್ರವನ್ನೂ ತೆಗೆದು ಒಂದರ ಮೇಲೊಂದನ್ನಿಟ್ಟು ನೋಡಿದಾಗ, ಮೆಟ್ಟಿಲಿನ ಅಂಚಿನಲ್ಲಿಯೇ ಬೆಳಕು ಬದಲಾಗುವುದೂ, ಆ ಬದಲಾವಣೆ ಪದರಗಳ ಕಾಂತೀಯ ಕ್ರಮವನ್ನೇ ಅನುಸರಿಸುವುದೂ ಕಂಡಿತು. ಎಂದರೆ ಬೆಳಕು ಬರುತ್ತಿದ್ದದ್ದು ಒಡಲಿನಿಂದಲ್ಲ, ಮೇಲ್ಮೈಯ ಕಾಂತತ್ವದಿಂದ. ಗುಪ್ತ ವ್ಯವಸ್ಥೆ ಇರಲೇ ಇಲ್ಲವೆಂದು ಅವರು ಹೇಳಲಿಲ್ಲ. ಈ ಬೆಳಕು ಅದಕ್ಕೆ ಸಾಕ್ಷಿಯಲ್ಲವೆಂದರು. ನನ್ನ ಮಟ್ಟಿಗೆ ಮೊದಲನೆಯ ಲೇಖನಕ್ಕಿಂತ ಎರಡನೆಯದೇ ಮೇಲಾದ ಕೃತಿ.

ದೊಡ್ಡಪ್ಪ: ಮೇಲ್ಮೈ ಯಾಕೆ ಹೀಗೆ ಮೋಸಮಾಡುತ್ತದೆ?

ಮಗಳು: ಮೇಲ್ಮೈಯಲ್ಲಿ ಒಂದು ಕಡೆ ಹರಳು, ಇನ್ನೊಂದು ಕಡೆ ಬಯಲು. ವಿಲೋಮ ಸಮಮಿತಿ ಅಲ್ಲಿ ಯಾವ ಹರಳಿಗೂ ಇರಲು ಸಾಧ್ಯವಿಲ್ಲ. ಇದೇ ದೋಷ ಬೇರೊಂದು ಕಡೆ ಗುಣವಾಗಿದೆ ನೋಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಹಗಲಿರುಳು ಚಿಪ್ಪುಗಳ ವಿನ್ಯಾಸ ನಡೆಯುತ್ತಿದೆಯಲ್ಲ, ಆ ಚಿಪ್ಪುಗಳ ಸಿಲಿಕಾನಿಗೆ ವಿಲೋಮ ಸಮಮಿತಿಯುಂಟು. ಅದರ ಒಡಲು ಇಮ್ಮಡಿ ಬೆಳಕಿಗೆ ಬಹುಮಟ್ಟಿಗೆ ಮೂಕ. ಆದರೆ ಸಿಲಿಕಾನೂ ಅದರ ಆಕ್ಸೈಡೂ ಕೂಡುವ ಗಡಿಯಿಂದ ಬೆಳಕು ಬರುತ್ತದೆ, ಅಲ್ಲಿ ಸಿಕ್ಕಿಕೊಂಡ ಆವೇಶಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಚಿಪ್ಪನ್ನು ಮುಟ್ಟದೆ, ಕೊಯ್ಯದೆ ಆ ಗಡಿಯ ಆರೋಗ್ಯವನ್ನು ವಿಚಾರಿಸಲು ಇಷ್ಟು ಸಾಕು.

ದೊಡ್ಡಪ್ಪ: ಹರಳುಗಳನ್ನು ಬಿಟ್ಟು ಬೇರೆ ಕಡೆ ಇದರ ಆಟ ನಡೆಯದೆ?

ಮಗಳು: ದ್ರವದಲ್ಲಿಯೂ ನಡೆಯುತ್ತದೆ. ಅದು ಕ್ವಾಂಟಂ ವಸ್ತುವಲ್ಲ, ನಿಯಮ ಮಾತ್ರ ಅದೇ. ಮ್ಯಾಕ್ಸ್ ಬಾರ್ನ್ 1916ರಲ್ಲಿ, ದ್ರವಸ್ಫಟಿಕದ ಉದ್ದುದ್ದನೆಯ ಅಣುಗಳು ಹರಿದಾಡುತ್ತಿದ್ದರೂ ತಲೆಗಳನ್ನೆಲ್ಲ ಒಂದೇ ಕಡೆಗೆ ಮಾಡಿ ನಿಲ್ಲಬಹುದೆಂದು ಊಹಿಸಿದರು. ರಾಮನ್ನರ ಕರೆಯ ಮೇರೆಗೆ 1935-36ರಲ್ಲಿ ಕೆಲವು ತಿಂಗಳು ಇದೇ ಬೆಂಗಳೂರಿನಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದ್ದವರು ಅವರು. ಅಂತಹ ದ್ರವ ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ. 2017ರಲ್ಲಿ ಜಪಾನಿನವರು ತಮ್ಮ ದ್ರವದಲ್ಲಿ ಅಣುಗಳ ತಲೆಗಳು ಒಂದೇ ಕಡೆಗಿವೆಯೆಂದು ಸಾಧಿಸಲು ಮುಂದಿಟ್ಟ ಸಾಕ್ಷ್ಯಗಳಲ್ಲಿ ಇಮ್ಮಡಿ ಬೆಳಕೂ ಒಂದು. ತಲೆಗಳು ಅರ್ಧರ್ಧ ಎರಡೂ ಕಡೆಗಿದ್ದಿದ್ದರೆ ಆ ಬೆಳಕು ಬರುವಂತಿರಲಿಲ್ಲ. ನಿಮಗೆ ನೆನಪಿರಬಹುದು, 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಗಡಿಗರೊಡನೆ ಕಂಡುಹಿಡಿದ ಎಸ್. ಚಂದ್ರಶೇಖರ್ ಅವರು 1991ರಲ್ಲಿ ಸ್ಥಾಪಿಸಿದ ಕೇಂದ್ರ ಬಹುಕಾಲ ನಿಮ್ಮ ನೆರೆಯ ಜಾಲಹಳ್ಳಿಯಲ್ಲಿತ್ತು. ಈಗ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ.

ದೊಡ್ಡಪ್ಪ: ಗೊತ್ತು, ಆ ಬೋರ್ಡನ್ನು ದಾಟಿಕೊಂಡು ಎಷ್ಟೋ ಸಲ ಹೋಗಿದ್ದೇನೆ, ಒಳಗೆ ಏನು ಮಾಡುತ್ತಾರೆಂದು ಯಾರೂ ಹೇಳಿರಲಿಲ್ಲ. ಇನ್ನೊಂದು ಸಂದೇಹ ಉಳಿಯಿತು. ಅಷ್ಟು ತೀವ್ರವಾದ ಕಿರಣವನ್ನು ಒಂದೇ ಜಾಗಕ್ಕೆ ಬಿಡುತ್ತೀರಿ, ಜಾಬು ಬಿಸಿಯಾಗುವುದಿಲ್ಲವೆ? ನಿನ್ನ ಹಸಿರು ಹರಳನ್ನು 33 ಡಿಗ್ರಿಯಲ್ಲಿಟ್ಟು ಕಿರಣ ಬಿಟ್ಟರೆ, ಕಿರಣ ಬಿದ್ದ ಜಾಗ 34 ದಾಟಿ ನೀನು ನೋಡಬೇಕೆಂದದ್ದು ನೋಡುವುದಕ್ಕೆ ಮೊದಲೇ ಮಾಯವಾಗಬೇಕಲ್ಲ. ಥರ್ಮಾಮೀಟರನ್ನು ಎಲ್ಲಿಟ್ಟಿರುತ್ತೀರಿ?

ಮಗಳು: ಹರಳನ್ನು ಅಂಟಿಸಿದ ತಾಮ್ರದ ಬ್ಲಾಕಿನಲ್ಲಿ.

ದೊಡ್ಡಪ್ಪ: ಹಾಗಾದರೆ ಅದು ಹೇಳುವುದು ಬ್ಲಾಕಿನ ಬಿಸಿ, ಜಾಬಿನದಲ್ಲ.

ಮಗಳು: ಹೌದು. ನಿರ್ವಾತದಲ್ಲಿರುವುದರಿಂದ ಗಾಳಿ ಬಿಟ್ಟು ತಣಿಸುವುದೂ ಆಗದು. ಅದಕ್ಕಾಗಿ ಶಕ್ತಿಯನ್ನು ತಗ್ಗಿಸುತ್ತ ತಗ್ಗಿಸುತ್ತ ಅದೇ ವಕ್ರರೇಖೆಯನ್ನು ಮತ್ತೆ ಮತ್ತೆ ತೆಗೆಯುತ್ತೇವೆ. ಶಕ್ತಿ ತಗ್ಗಿದಂತೆಲ್ಲ ಬೆಳಕು ಮಾಯವಾಗುವ ಉಷ್ಣತೆ ಮೇಲಕ್ಕೆ ಸರಿಯುತ್ತಿದ್ದರೆ, ಕಿರಣವೇ ಹರಳನ್ನು ಕಾಯಿಸುತ್ತಿದೆಯೆಂದು ತಿಳಿದು, ಅದು ಸರಿಯದೆ ನಿಲ್ಲುವವರೆಗೂ ಇಳಿಸುತ್ತೇವೆ. ತೊಂದರೆಯೇನೆಂದರೆ, ಇಮ್ಮಡಿ ಬೆಳಕು ತೀವ್ರತೆಯ ವರ್ಗವನ್ನು ಅನುಸರಿಸುವುದರಿಂದ, ಶಕ್ತಿಯನ್ನು ಅರ್ಧಕ್ಕಿಳಿಸಿದರೆ ಸಂಕೇತ ಕಾಲುಪಾಲಿಗೆ ಬೀಳುತ್ತದೆ. ಅಷ್ಟೇ ಫೋಟಾನುಗಳನ್ನು ಎಣಿಸಲು ನಾಲ್ಕು ಪಟ್ಟು ಹೊತ್ತು ಕೂತಿರಬೇಕು.

ದೊಡ್ಡಪ್ಪ: ಫೀಡ್ ಕಡಿಮೆಯಿಟ್ಟು ಫಿನಿಷ್ ಕಟ್ ತೆಗೆಯುವವನಿಗೂ ಹೊತ್ತು ಹೆಚ್ಚೇ ಬೇಕು, ಗಿರಾಕಿಗೆ ಅದು ಅರ್ಥವಾಗುವುದಿಲ್ಲ. ನಿಮ್ಮಲ್ಲಿ ಮೇಲಿನವರು ಅಷ್ಟು ಹೊತ್ತು ಕೊಡುತ್ತಾರೆಯೆ?

ಮಗಳು: ಹಗಲು ಲೇಸರಿಗೆ ಸರದಿಯಿರುತ್ತದೆ. ರಾತ್ರಿಯಾದರೆ ಯಾರೂ ಕೇಳುವುದಿಲ್ಲ.